ಉಲಿಯದ ಬಿಳಿಯ ಬಟ್ಟಲು

ಹೇವರ್ಡಿನ ಗೋದಾಮುಗಳ ಸಾಲಿನಲ್ಲಿ, ಹಳೆಯ ಟೈರು ಮಾರುವ ಅಂಗಡಿಗೂ ಮೀನಿನ ಶೀತಲಗೃಹಕ್ಕೂ ನಡುವೆ, ತಗಡಿನ ಮಾಡಿನ ಚಿಕ್ಕದೊಂದು ಕಾರ್ಯಾಗಾರವಿದೆ. ಹೊರಗೆ ಹೆಸರಿನ ಹಲಗೆಯಿಲ್ಲ. ಬೇಕಾದವರು ಕೇಳಿಕೊಂಡು ಬರುತ್ತಾರೆ. ಒಳಗೆ, ಉತ್ತರದ ಕಿಟಕಿಯ ಬೆಳಕಿಗೆ ಮುಖಮಾಡಿದ ಮೇಜಿನ ಮುಂದೆ, ಅರವತ್ತಾರು ವರ್ಷದ ಆನಂದತೀರ್ಥರಾಯರು ಕುಳಿತು ಒಡೆದ ಪಿಂಗಾಣಿಯನ್ನು ಕೂಡಿಸುತ್ತಾರೆ. ಅಜ್ಜಿಯ ಕಾಲದ ಟೀ ಕುಡಿಕೆ, ಬೆಕ್ಕು ಬೀಳಿಸಿದ ಹೂದಾನಿ, ಎಂದಾದರೊಮ್ಮೆ ಸಂಗ್ರಹಕಾರರೊಬ್ಬರ ಅಪೂರ್ವವಾದ ಪಾತ್ರೆ, ಎಲ್ಲವೂ ಆ ಮೇಜಿನ ಮೇಲೆ ಒಂದೇ ಬಿಳಿಯ ಬಟ್ಟೆಯನ್ನು ಹಾಸಿಕೊಂಡು ಮಲಗುತ್ತವೆ.

ಪಾತ್ರೆ ಯಾವುದೇ ಬರಲಿ, ರಾಯರು ಮೊದಲು ಅದನ್ನು ನೋಡುವುದಿಲ್ಲ, ಕೇಳುತ್ತಾರೆ. ಎಡಗೈಯ ಮೂರು ಬೆರಳ ತುದಿಯಲ್ಲಿ ಅದನ್ನು ನಿಲ್ಲಿಸಿ, ಬಲಗೈಯ ಉಂಗುರಬೆರಳಿನ ಗೆಣ್ಣಿನಿಂದ ಅಂಚಿಗೆ ಮೆಲ್ಲನೆ ಒಮ್ಮೆ ತಟ್ಟಿ, ಕಣ್ಣು ಮುಚ್ಚುತ್ತಾರೆ. ಬಿರುಕಿಲ್ಲದ್ದು ಹಾಡುತ್ತದೆ. ಬಿರುಕಿದ್ದದ್ದು, ಅದು ಕಣ್ಣಿಗೆ ಕಾಣದ ಕೂದಲೆಳೆಯಷ್ಟೇ ಇದ್ದರೂ, ಠಪ್ಪೆಂದು ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಪ್ಪು ರಟ್ಟಿನ ಪುಸ್ತಕದಲ್ಲಿ ದಿನಾಂಕ ಹಾಕಿ ‘ಉಲಿಯಿತು’ ಎಂದೋ ‘ಉಲಿಯಲಿಲ್ಲ’ ಎಂದೋ ಬರೆಯುತ್ತಾರೆ. ಇಪ್ಪತ್ತೆರಡು ವರ್ಷಗಳ ಆ ಪುಸ್ತಕಗಳಲ್ಲಿ ಒಂದೇ ಒಂದು ಸಾಲು ಸುಳ್ಳು. ಆ ಸಾಲು ಬರೆದಂದಿನಿಂದ ರಾಯರ ಕಿವಿಯೊಳಗೆ ಏನೋ ಕೆಟ್ಟಿದೆ.

ಈ ಕಿವಿ ತಂದೆಯಿಂದ ಬಂದದ್ದು. ತಂದೆ ಶೇಷಾದ್ರಿರಾಯರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ, ವಿದ್ಯುತ್ ಕಂಬದ ತಂತಿಗಳನ್ನು ಹೊರುವ ಪಿಂಗಾಣಿ ಇನ್ಸುಲೇಟರುಗಳ ಪರೀಕ್ಷಕರಾಗಿದ್ದರು. ಗೂಡಿನಿಂದ ಇಳಿದ ಒಂದೊಂದಕ್ಕೂ ಮರದ ಸುತ್ತಿಗೆಯಿಂದ ಒಂದೇ ಏಟು. ಠಪ್ಪೆಂದದ್ದರ ಮೇಲೆ ನೀಲಿ ಸೀಮೆಸುಣ್ಣದಿಂದ ಅಡ್ಡಗೆರೆಗಳನ್ನೆಳೆದು ಪಕ್ಕಕ್ಕೆ ಸರಿಸುತ್ತಿದ್ದರು. ಒಮ್ಮೆ ಲಾರಿಗೆ ಸರಕು ಸಾಲದೆ ಬಂದಾಗ ಮೇಸ್ತ್ರಿಯೊಬ್ಬ ಒದ್ದೆ ಬಟ್ಟೆಯಿಂದ ಆ ಗೆರೆಗಳನ್ನು ಒರಸಿ ತುಂಬಿಸಿಬಿಟ್ಟ. ವಿಷಯ ತಿಳಿದ ಶೇಷಾದ್ರಿರಾಯರು ಊಟದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಲಾರಿಯ ಹಿಂಬದಿಯ ಹಲಗೆಯ ಮೇಲೆ ಕುಳಿತರಂತೆ, ಸಂಜೆಯವರೆಗೂ ಏಳಲಿಲ್ಲವಂತೆ. “ಕಂಬ ಹತ್ತೋವ್ನಿಗೂ ಮನೇಲಿ ಮಕ್ಕಳಿರ್ತಾವೆ,” ಎಂದು ಅಂದು ರಾತ್ರಿ ಮಗನಿಗೆ ಹೇಳಿದ್ದರು. “ಬಿರುಕು ಮಣ್ಣಿಂದು ಕಣೋ, ಅದಕ್ಕೆ ನಾನೇನೂ ಮಾಡೋಕಾಗಲ್ಲ. ಗುರುತು ಮಾತ್ರ ನಂದು.”

ತಾಯಿಗೆ ಪಿಂಗಾಣಿಯೆಂದರೆ ಉಪ್ಪಿನಕಾಯಿಯ ಜಾಡಿ, ಅಷ್ಟೇ. ಅದನ್ನು ಬಿಟ್ಟು ಬೇರಾವ ಪಿಂಗಾಣಿಗೂ ಆಕೆಯ ಮಡಿಯ ಅಡುಗೆಮನೆಯಲ್ಲಿ ಪ್ರವೇಶವಿರಲಿಲ್ಲ. ಗಂಡ ದಿನವೆಲ್ಲ ಪಿಂಗಾಣಿಯನ್ನು ಮುಟ್ಟಿ ಬರುವವರೆಂದು ಬಾಗಿಲಲ್ಲೇ ತಂಬಿಗೆ ನೀರಿಟ್ಟಿರುತ್ತಿದ್ದಳು. ಮಗ ಅದೇ ಮಣ್ಣಿನ ಶಾಸ್ತ್ರವನ್ನೋದಿ, ಕಂಪ್ಯೂಟರಿನ ಚಿಪ್‌ಗಳಿಗೆ ಪಿಂಗಾಣಿಯ ತಳ ಮಾಡುವ ಕಂಪನಿಗೆಂದು ಸಾಂತಾ ಕ್ಲಾರಾಕ್ಕೆ ಬಂದು, ಆ ಕಂಪನಿ ಬಾಗಿಲು ಹಾಕಿದ ಮೇಲೆ, ಕೈ ಸುಮ್ಮನಿರಲೊಲ್ಲದೆ ಒಡೆದದ್ದನ್ನು ಕೂಡಿಸಲು ಕಲಿತರು. ಮಗಳು ವಿಭಾ ಈಗ ಲಾಸ್ ಗ್ಯಾಟೋಸಿನ ಆಫೀಸಿಗೆ ಹೋಗುತ್ತಾಳೆ. ಇಂದು ಎಂಬ ಹೆಸರಿನ ಹೆಂಡತಿ ದೇವಸ್ಥಾನದ ಭಜನೆಯ ಮಂಡಲಿಯನ್ನು ನಡೆಸುತ್ತಾರೆ. ಬೆಳಗ್ಗೆ ಸಾಲಿಗ್ರಾಮಕ್ಕೆ ಅಭಿಷೇಕ, ಆಮೇಲೆ ಫ್ರೀವೇ, ಆಮೇಲೆ ಪಿಂಗಾಣಿ. ಕಪ್ಪು ಶಿಲೆಯಿಂದ ಆರಂಭವಾದ ದಿನ ಬಿಳಿಯ ಮಣ್ಣಿನಲ್ಲಿ ಮುಗಿಯುತ್ತಿತ್ತು, ಮತ್ತು ರಾಯರಿಗೆ ಈ ಎರಡರ ನಡುವೆ ಯಾವ ವಿರೋಧವೂ ಕಂಡಿರಲಿಲ್ಲ.

ಐದು ವರ್ಷಗಳ ಹಿಂದೆ, ಆಶ್ವಯುಜದ ಒಂದು ಮಧ್ಯಾಹ್ನ, ವಿನಿಫ್ರೆಡ್ ಕ್ವಾಂಗ್ ಎಂಬ ವೃದ್ಧೆ ಓಕ್ಲ್ಯಾಂಡಿನಿಂದ ಬರುತ್ತೇನೆಂದು ಹೇಳಿದ್ದರು. ಅಂದೇ ಶೇಷಾದ್ರಿರಾಯರ ಶ್ರಾದ್ಧ. ಶ್ರಾದ್ಧ ಮಾಡಿದವನು ಆ ದಿನ ಮನೆಯಲ್ಲೇ ಇರಬೇಕು. ಪ್ರಯಾಣ ಸಲ್ಲದು, ಪರರ ಕೆಲಸ ಸಲ್ಲದು. ತಂದೆ ಆ ನಿಯಮವನ್ನು ಒಮ್ಮೆಯೂ ಮುರಿದವರಲ್ಲ. ಮಗ ಮಾತ್ರ, ‘ಎಂಬತ್ತರ ಹತ್ತಿರದ ಮುದುಕಿ, ಬಸ್ಸು ಹಿಡಿದು ಬರುತ್ತಾಳೆ, ಒಂದು ಗಂಟೆಯ ಮಾತು’ ಎಂದುಕೊಂಡು ಊಟವಾದೊಡನೆ ಕಾರು ಹತ್ತಿದರು. ದರ್ಭೆಯ ಪವಿತ್ರವನ್ನು ಬಿಚ್ಚಿ ವಿಸರ್ಜಿಸಿಯಾಗಿತ್ತು. ಕರ್ಮಕ್ಕೆಂದು ತೊಟ್ಟಿದ್ದ ಚಿನ್ನದ ಪವಿತ್ರದುಂಗುರ ಇನ್ನೂ ಬೆರಳಲ್ಲಿತ್ತು. ಕೆಲಸದ ದಿನಗಳಲ್ಲಿ ಅದು ದೇವರ ಮನೆಯ ಮೊಳೆಗೆ ತೂಗುತ್ತಿರುತ್ತದೆ. ಸಿಗ್ನಲಿನಲ್ಲಿ ಕಾರು ನಿಂತಾಗ ರಾಯರು ಅದನ್ನು ಎಳೆದು ನೋಡಿದರು. ಅದು ಊದಿದ ಗೆಣ್ಣಿನವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಸೋಪು ಹಚ್ಚಿ ತೆಗೆದರಾಯಿತೆಂದು ಬಿಟ್ಟರು.

ಮಿಸೆಸ್ ಕ್ವಾಂಗ್ ಆಗಲೇ ಬಾಗಿಲ ಬಳಿ, ಮಡಿಸುವ ಕುರ್ಚಿಯನ್ನು ತಾವೇ ಬಿಡಿಸಿಕೊಂಡು ಕುಳಿತಿದ್ದರು. ಗಿಡ್ಡ ದೇಹ, ಬೂದುಬಣ್ಣದ ಸ್ವೆಟರು, ತೊಡೆಯ ಮೇಲೆ ಕಿತ್ತಳೆಹಣ್ಣಿನ ಅಂಗಡಿಯ ಚೀಲ.

“ಹನ್ನೆರಡು ನಿಮಿಷ ಲೇಟು, ಪ್ರೊಫೆಸರ್,” ಎಂದರು.

“ನಾನು ಪ್ರೊಫೆಸರಲ್ಲ, ಮಿಸೆಸ್ ಕ್ವಾಂಗ್.”

“ಫೋನಿನಲ್ಲಿ ಮಾತಾಡುವಾಗ ಒಂದೊಂದು ಶಬ್ದಕ್ಕೂ ಅಷ್ಟು ಹೊತ್ತು ತೆಗೆದುಕೊಂಡಿರಿ. ಪ್ರೊಫೆಸರೇ ಇರಬೇಕು ಅಂದುಕೊಂಡೆ.”

ಚೀಲದೊಳಗೆ ಮೂರು ಟವೆಲ್ಲುಗಳು, ಟವೆಲ್ಲಿನೊಳಗೆ ಒಂದು ಬಟ್ಟಲು. ಅದನ್ನು ಬೆಳಕಿಗೆ ತೆಗೆದಾಗ ರಾಯರು ಉಸಿರಾಡುವುದನ್ನು ಮರೆತರು.

ಬಿಳಿಯ ಪಿಂಗಾಣಿ ಎಂದವರೆಲ್ಲ ಬಿಳುಪನ್ನು ಕಂಡವರಲ್ಲ. ಬಣ್ಣದ ಪಾತ್ರೆಗೆ ತಪ್ಪನ್ನು ಹುದುಗಿಸಲು ಹೂವುಂಟು, ಬಳ್ಳಿಯುಂಟು. ಬಿಳಿಯದಕ್ಕೆ ಯಾವ ಮರೆಯೂ ಇಲ್ಲ. ಮಣ್ಣಿನಲ್ಲಿ ಕಬ್ಬಿಣದ ಒಂದು ಕಣ ಉಳಿದರೆ ಕಪ್ಪು ಚುಕ್ಕೆಯಾಗುತ್ತದೆ, ಗೂಡಿನ ಬೂದಿ ಒಂದಿಷ್ಟು ಹಾರಿದರೆ ಮೈ ಒರಟಾಗುತ್ತದೆ. ಮಿಂಗ್ ದೊರೆಗಳ ಕಾಲದಲ್ಲಿ ಅರಮನೆಗೆಂದೇ ಉರಿದ ಗೂಡುಗಳ ಕುಶಲಿಗಳು ಆ ಮಣ್ಣನ್ನು ತೊಳೆದು, ಸೋಸಿ, ಮತ್ತೆ ತೊಳೆದು, ತಿಗರಿಯ ಮೇಲೆ ಎತ್ತಿದ ಗೋಡೆಯನ್ನು ಒಣಗಿದ ಮೇಲೆ ಹೆರೆದು ಹೆರೆದು, ಕೊನೆಗೆ ಒಳಗಿನ ಮೆರುಗೂ ಹೊರಗಿನ ಮೆರುಗೂ ಒಂದನ್ನೊಂದು ಮುಟ್ಟುತ್ತಿವೆಯೋ ಎಂಬಷ್ಟು ತೆಳ್ಳಗೆ ಮಾಡುತ್ತಿದ್ದರು. ಆ ಮೆರುಗಿಗೆ ಚೀನೀಯರು ಸಿಹಿಬಿಳುಪು ಎಂದು ಹೆಸರಿಟ್ಟರು. ಅದು ಸುಣ್ಣದ ಬಿಳುಪಲ್ಲ. ತುಂಬೆಹೂವಿನ ಎಸಳನ್ನು ಹಾಲಿನಲ್ಲಿ ನೆನೆಸಿದಂಥ ಮೃದುತ್ವ. ಬಣ್ಣಗಳನ್ನು ದೇವತೆಗಳಿಗೆ ಹಂಚಿಕೊಟ್ಟ ಆ ಅರಮನೆಯ ವಿಧಿಯಲ್ಲಿ ಚಂದ್ರನ ಬಲಿಪೀಠಕ್ಕೆ ಬಿಳಿಯ ಪಾತ್ರೆಯೇ ಸಲ್ಲಬೇಕಾಗಿತ್ತು.

ರಾಯರು ಬಟ್ಟಲನ್ನು ಕಿಟಕಿಗೆ ಹಿಡಿದರು. ಬರಿಯ ಬಿಳುಪಾಗಿದ್ದ ಗೋಡೆಯೊಳಗಿಂದ, ಮೆರುಗಿನಡಿ ಉಗುರಿನಲ್ಲಿ ಗೀರಿದಷ್ಟು ನವಿರಾಗಿ, ಐದು ಉಗುರಿನ ಡ್ರ್ಯಾಗನ್ ಒಂದು ಎದ್ದು ಬಂತು. ಕೆಳಗಿಳಿಸಿದರು, ಅದು ಮಾಯವಾಯಿತು. ಕೈಯಲ್ಲಿ ಹಿಡಿದವನೊಬ್ಬನಿಗೆ, ಅದೂ ಬೆಳಕಿನ ಎದುರಿಗೆ ಎತ್ತಿದಾಗ ಮಾತ್ರ ಕಾಣಲೆಂದು ಮಾಡಿದ ಚಿತ್ರ ಅದು.

“ಎಲ್ಲಿಂದ ಬಂತು ಇದು ನಿಮಗೆ?”

“ಅಜ್ಜ ಪೀಕಿಂಗಿನಿಂದ ತಂದ. ಹೇಗೆ ತಂದ ಅಂತ ಯಾರೂ ಕೇಳಲಿಲ್ಲ. ಕದ್ದಿರಬೇಕು,” ಎಂದು ಆಕೆ ಭುಜ ಕುಣಿಸಿದರು. “ಕದ್ದರೂ ಒಳ್ಳೆಯದನ್ನೇ ಕದ್ದ.”

ಆಮೇಲೆ ತಮ್ಮ ಮನೆಯ ಪದ್ಧತಿಯನ್ನು ಹೇಳಿದರು. ಊಟದ ಬಟ್ಟಲಿಗೆ ಉಣ್ಣುವ ಕಡ್ಡಿಯಿಂದ ಬಡಿಯುವುದು ಚೀನೀಯರ ಮನೆಗಳಲ್ಲಿ ಮಹಾಪರಾಧ. ಆ ಸದ್ದಿಗೆ ಹಸಿದ ಪ್ರೇತಗಳು ಬಂದು ನಿಲ್ಲುತ್ತವೆಯಂತೆ. ಆದ್ದರಿಂದಲೇ ಆಕೆಯ ಮನೆಯಲ್ಲಿ ವರ್ಷಕ್ಕೊಂದು ದಿನ, ವಸಂತದಲ್ಲಿ ಸಮಾಧಿಗಳನ್ನು ಗುಡಿಸುವ ಹಬ್ಬದ ಬೆಳಗ್ಗೆ, ಈ ಒಂದು ಬಟ್ಟಲಿಗೆ ಮಾತ್ರ ಮೂರು ಸಲ ಕಡ್ಡಿ ತಾಗಿಸುತ್ತಿದ್ದರು. ಮನೆಯ ಹಿರಿಯರನ್ನು ಹಾಗೆ ಕರೆಯುವುದು. ಅಜ್ಜಿಯನ್ನು ತಾಯಿ ಕರೆದಳು. ಈಗ, ತೀರಿಹೋದ ತಾಯಿ ಸ್ಯೂ-ಯಿಂಗಳನ್ನು ಮಗಳು ವಿನಿಫ್ರೆಡ್ ಕರೆಯುತ್ತಾಳೆ.

“ಸುಮ್ಮನೆ ತೊಳೆದು, ಚೆನ್ನಾಗಿದೆಯೋ ಇಲ್ಲವೋ ಹೇಳಿ ಸಾಕು. ನನ್ನ ಕಣ್ಣಿನಲ್ಲಿ ಪೊರೆ ಬಂದಿದೆ, ಏನೂ ಕಾಣೋದಿಲ್ಲ,” ಎಂದು ಹೇಳಿ ಆಕೆ ಬಸ್ಸಿಗೆ ಹೊರಟುಹೋದರು.

ಒಬ್ಬರೇ ಉಳಿದ ರಾಯರು ಮೂರು ಬೆರಳ ಮೇಲೆ ಬಟ್ಟಲನ್ನು ನಿಲ್ಲಿಸಿ, ಎಂದಿನ ಅಭ್ಯಾಸದಂತೆ, ಎಂದಿನ ಬೆರಳಿನಿಂದ ತಟ್ಟಿದರು. ಗೆಣ್ಣಿನಲ್ಲಿ ಚಿನ್ನ ಸಿಕ್ಕಿಕೊಂಡಿರುವುದು ಮರೆತುಹೋಗಿತ್ತು.

ಬಟ್ಟಲು ಉಲಿಯಿತು. ಅಂಥ ದನಿಯನ್ನು ಅವರು ಹುಟ್ಟಿದಾರಭ್ಯ ಕೇಳಿರಲಿಲ್ಲ. ಎಲ್ಲಿಂದಲೋ ಹೊರಟು ಅವರನ್ನು ಹಾದು ಹೊರಬಾಗಿಲಿನಾಚೆಗೆ ನಡೆದುಹೋಗುತ್ತಿರುವ ದನಿ. ಅದು ಪೂರ್ತಿ ಅಡಗುವ ಮೊದಲೇ, ಇನ್ನೊಮ್ಮೆ ಕೇಳುವ ಆಸೆಗೆ ಮತ್ತೆ ತಟ್ಟಿದರು.

ಠಪ್.

ಆರು ನೂರು ವರ್ಷ ಅಂಚಿನೊಳಗೆ ಮಲಗಿದ್ದ ದೋಷವೊಂದು ಚಿನ್ನದ ಏಟಿಗೆ ಕಣ್ಣು ತೆರೆದಿತ್ತು. ಕಿಟಕಿಗೆ ಹಿಡಿದು ನೋಡಿದರೆ ಅಂಚಿನಿಂದ ಎರಡು ಅಂಗುಲ ಕೆಳಗಿಳಿದ ಒಂದು ಕೂದಲೆಳೆ, ಡ್ರ್ಯಾಗನ್ನಿನ ಕೊರಳಿಗೆ ಅಡ್ಡವಾಗಿ.

ಅಂದು ಅವರು ಮಾಡಿದ್ದು ಕುಶಲತೆಯ ಪರಾಕಾಷ್ಠೆ. ಗಾಜಿನಷ್ಟೇ ತಿಳಿಯಾದ ಅಂಟನ್ನು ಸೂಜಿಯ ಮೊನೆಯಿಂದ ಬಿರುಕಿಗೆ ಕುಡಿಸಿದರು. ಎರಡು ದಿನ ಬಿಟ್ಟು, ಭೂತಗನ್ನಡಿಯಡಿ ಮೆರುಗಿನ ಸಮಕ್ಕೆ ಉಜ್ಜಿದರು. ಮೂರನೆಯ ದಿನ ಬೆಳಕಿಗೆ ಹಿಡಿದಾಗ ಅವರ ಕಣ್ಣಿಗೂ ಹುಡುಕಿದರೆ ಮಾತ್ರ ಕಾಣುತ್ತಿತ್ತು. ತಂದೆಯ ನೀಲಿ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರಸಿದ ಮೇಸ್ತ್ರಿಯ ನೆನಪು ಬಂತು; ಬಂದ ನೆನಪನ್ನೂ ಒರಸಿದರು. ಕಪ್ಪು ಪುಸ್ತಕದಲ್ಲಿ ‘ಉಲಿಯಿತು’ ಎಂದು ಬರೆದರು. ಮೊದಲ ಏಟಿಗೆ ಉಲಿದಿತ್ತಲ್ಲ ಎಂದು ತಮಗೆ ತಾವೇ ವಾದಿಸಿಕೊಂಡರು. ಚೆನ್ನಾಗಿದೆಯೆಂದು ಹೇಳಿ ಬಟ್ಟಲನ್ನು ಮಿಸೆಸ್ ಕ್ವಾಂಗರಿಗೆ ಹಿಂದಿರುಗಿಸಿದರು.

ಮುಂದಿನ ಏಪ್ರಿಲಿನಲ್ಲಿ ಫೋನು ಬಂತು.

“ಪ್ರೊಫೆಸರ್, ಬಟ್ಟಲು ಮಾತಾಡ್ತಾ ಇಲ್ಲ.”

ನಿಜ ಹೇಳಲು ರಾಯರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ನಾಲಗೆಗೆ ಬಂದ ಮಾತು ಬೇರೆ. “ಬಹಳ ಹಳೆಯದಲ್ಲವೇ ಮಿಸೆಸ್ ಕ್ವಾಂಗ್. ಹಳೆಯ ಪಿಂಗಾಣಿ ಒಮ್ಮೊಮ್ಮೆ ತಾನಾಗಿಯೇ ಸುಮ್ಮನಾಗುತ್ತದೆ.”

ಆಕೆ, ತಗ್ಗಿದ ಸ್ವರದಲ್ಲಿ, “ತಾನಾಗಿಯೇ ಅಲ್ಲ,” ಎಂದರು. “ಅಮ್ಮನ್ನ ಕೊನೆಗಾಲಕ್ಕೆ ವೃದ್ಧರ ಆಸ್ಪತ್ರೆಗೆ ಸೇರಿಸಿದೆ. ಬೇಡ ಅಂತ ಕೈ ಹಿಡಿದುಕೊಂಡಳು, ಬಿಡಿಸಿಕೊಂಡು ಬಂದೆ. ನಾನಿಲ್ಲದಾಗ ಹೋದಳು. ಇಷ್ಟು ವರ್ಷ ಹೇಗೋ ಬರ್ತಿದ್ದಳು. ಈಗ ಯೋಚನೆ ಮಾಡಿ ನಿಲ್ಲಿಸಿದ್ದಾಳೆ.”

ಅಂದಿನಿಂದ ರಾಯರ ಸುತ್ತಲಿನ ಪದಾರ್ಥಗಳ ದನಿ ಒಂದೊಂದಾಗಿ ಸಾಯತೊಡಗಿತು. ಸ್ಟೀಲಿನ ಲೋಟ, ತಾಮ್ರದ ಪಂಚಪಾತ್ರೆ, ದೇವರ ಗಂಟೆ, ಯಾವುದನ್ನು ತಟ್ಟಿದರೂ ಕೊನೆಯಲ್ಲಿ ಠಪ್ಪೆಂಬ ಒಂದು ಬಾಲ. ನಿಜವೋ ಭ್ರಮೆಯೋ ತಿಳಿಯಲೆಂದು ಮತ್ತೆ ಮತ್ತೆ ತಟ್ಟಿ ನೋಡುವ ಚಟ ಹತ್ತಿತು. ಊಟಕ್ಕೆ ಬಂದ ವಿಭಾ ಒಮ್ಮೆ ಅವರ ಕೈ ಹಿಡಿದು ನಿಲ್ಲಿಸಿ, “ಅಪ್ಪಾ, ಪ್ಲೀಸ್, ಯು ಟ್ಯಾಪ್ ಎವ್ರಿಥಿಂಗ್. ದಾಲ್ ಬೌಲ್ ಕೂಡಾನಾ?” ಎಂದು ನಕ್ಕಳು. ರಾಯರೂ ನಕ್ಕರು. ಕೈ ಮೇಜಿನಡಿ ಹೋಗಿ ತೊಡೆಯನ್ನು ತಟ್ಟುತ್ತಿತ್ತು.

ಕಾರ್ಯಾಗಾರದಲ್ಲಿ ಇನ್ನೊಂದು ಆರಂಭವಾಯಿತು. ಮಧ್ಯಾಹ್ನ ಮೂರರ ಸುಮಾರಿಗೆ, ಕೊಲ್ಲಿಯ ಕಡೆಯಿಂದ ತಂಗಾಳಿ ತಿರುಗಿದಾಗ, ಬಿಸಿಲಿಗೆ ಕಾದ ತಗಡಿನ ಮಾಡು ಕುಗ್ಗಿ ಸದ್ದು ಮಾಡುತ್ತದೆ. ಕಾಯ್ದ ಲೋಹ ತಣಿಯುವಾಗ ಹೀಗಾಗುವುದೆಂದು ಪಿಂಗಾಣಿಯ ಶಾಸ್ತ್ರವನ್ನೋದಿದ ಅವರಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಎಣಿಸುತ್ತಿದ್ದರು. ಪ್ರತಿ ಸಲವೂ ಮೂರು. ಮೂರನೆಯದಾದ ಮೇಲೆ ಬಾಗಿಲಿನಾಚೆ ಯಾರೋ ಕಾಲು ಬದಲಿಸಿ ನಿಂತಂತೆ ಒಂದು ಮೌನ. ಕಿತ್ತಳೆ ಸಿಪ್ಪೆಯ ಬಹು ತೆಳುವಾದ ವಾಸನೆ. ಕರೆಯುವವರಿಲ್ಲದ ಒಬ್ಬಳು, ತನ್ನನ್ನು ಕರೆಯುತ್ತಿದ್ದ ದನಿ ಕಡೆಯ ಬಾರಿ ಎಲ್ಲಿ ಕೇಳಿಸಿತ್ತೋ ಅಲ್ಲಿಗೇ ಬಂದು ನಿಂತಿದ್ದಾಳೆ ಎಂದು ರಾಯರಿಗೆ ಅನಿಸುತ್ತಿತ್ತು. ಎದ್ದು ಬಾಗಿಲು ತೆರೆಯುವ ಧೈರ್ಯ ಒಮ್ಮೆಯೂ ಬರಲಿಲ್ಲ.

ಹೇಳಲಾರದ ಮನುಷ್ಯ ಬೇರೊಂದು ದಾರಿ ಹುಡುಕಿದ. ಪಕ್ಷಮಾಸದ ತರ್ಪಣದಲ್ಲಿ ಬಂಧುಗಳೆಲ್ಲ ಮುಗಿದ ಮೇಲೆ ಗುರುಗಳಿಗೂ ಆಪ್ತರಿಗೂ ಎಳ್ಳುನೀರು ಬಿಡುವ ಸಂಪ್ರದಾಯವುಂಟು. ಪುರೋಹಿತರಾದ ಪ್ರದ್ಯುಮ್ನಾಚಾರ್ಯರು ಸ್ಯಾನ್ ಹೋಸೆಯಿಂದ ಬಂದು, ಟ್ರಾಫಿಕ್ಕನ್ನು ಬೈದು, ಕೈಕಾಲು ತೊಳೆದು ಕುಳಿತು ಕೇಳಿದ್ದರು: “ಇನ್ಯಾರಾದ್ರೂ ಉಂಟೇ ರಾಯರೇ?”

“ಒಬ್ಬರಿದ್ದಾರೆ. ಸ್ಯೂ-ಯಿಂಗ್.”

“ಏನಂದ್ರಿ?”

“ಸ್ಯೂ-ಯಿಂಗ್. ಆಪ್ತರ ಪೈಕಿ.”

ಆಚಾರ್ಯರು ದರ್ಭೆಯನ್ನು ಹಿಡಿದಲ್ಲೇ ಹಿಡಿದು ಯೋಚಿಸಿದರು. “ಗೋತ್ರ?”

“ಗೊತ್ತಿಲ್ಲ.”

“ಗೊತ್ತಿಲ್ದಿದ್ರೆ ಕಾಶ್ಯಪ. ಆ ಹೆಸರು ಸಂಸ್ಕೃತದಲ್ಲಿ ಕೂರಲ್ಲ, ಆದ್ರೂ ಕೂರಿಸೋಣ. ಯಾವೂರ್ನೋರು?”

“ಓಕ್ಲ್ಯಾಂಡು.”

“ಸರಿ ಬಿಡಿ. ನೀರಿಗೆ ಊರುಗೀರು ಇಲ್ಲ,” ಎಂದು ಆಚಾರ್ಯರು ಮಂತ್ರ ಹೇಳಿಸಿದರು.

ಹೀಗೆ ನಾಲ್ಕು ವರ್ಷ. ಕಳೆದ ಪಕ್ಷಮಾಸದಲ್ಲಿ ಆಚಾರ್ಯರು ಕಾಫಿ ಕುಡಿದು ಹೊರಟ ಮೇಲೆ, ಹೆಂಡತಿ ಇಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ರೀ, ಯಾರ್ರೀ ಅದು? ಮೊದಲ್ನೇ ವರ್ಷ ಕ್ಲೈಂಟ್ ಇರ್ಬೇಕು ಅಂತ ಸುಮ್ನಿದ್ದೆ. ಎರಡ್ನೇ ವರ್ಷಾನೂ ಸುಮ್ನಿದ್ದೆ. ನಮ್ಮತ್ತೆಗೆ ಬಿಡೋವಾಗ ನಡುಗದ ಕೈ ಆ ಹೆಸರು ಬಂದ್ರೆ ನಡುಗುತ್ತೆ.”

ರಾಯರು ಎಲ್ಲವನ್ನೂ ಹೇಳಿದರು. ಉಂಗುರ, ಅಂಟು, ಪುಸ್ತಕ, ಫೋನು. ಇಂದು ಕೇಳಿ ಮುಗಿಸಿ, ಸೆರಗಿನಿಂದ ಕೈ ಒರಸಿಕೊಂಡರು.

“ಅಂದ್ರೆ, ಆ ಮುದುಕಿ ಅಲ್ಲಿ ಅಮ್ಮಂಗೆ ಸಿಟ್ಟು ಬಂದಿದೆ ಅಂತ ಕೊರಗ್ತಿದ್ದಾಳೆ. ನೀವಿಲ್ಲಿ ಅವಳಮ್ಮಂಗೆ ಎಳ್ಳುನೀರು ಬಿಡ್ತಿದ್ದೀರಿ.”

“ನಾನೇನ್ಮಾಡ್ಲಿ, ಇಂದು?”

“ಸತ್ತೋರಿಗೆ ಕೊಟ್ಟಿದ್ದು ಸಾಕು. ಬದುಕಿರೋಳಿಗೆ ಹೇಳಿ. ನಿಮ್ಮಪ್ಪ ಲಾರಿ ಹಿಂದೆ ಕೂತ ಕಥೆ ಮದುವೆ ಆದಾಗಿಂದ ಎಷ್ಟು ಸಲ ಹೇಳಿದ್ದೀರಿ ನಂಗೆ? ಅವರಿದ್ದಿದ್ರೆ ಈಗ ನಿಮ್ಮ ವರ್ಕ್‌ಶಾಪ್ ಮುಂದೆ ಕೂತಿರೋರು.”

ಆಗಲೂ ಅವರು ಹೋಗಲಿಲ್ಲ. ಚಳಿಗಾಲ ಕಳೆಯಿತು. ಈ ವರ್ಷ ಮಾರ್ಚಿನ ಕೊನೆಯ ಶುಕ್ರವಾರ ಮಿಸೆಸ್ ಕ್ವಾಂಗ್ ತಾವೇ ಬಂದರು. ಕೋಲು ಬಂದಿತ್ತು, ನಡೆ ಕುಗ್ಗಿತ್ತು, ಚೀಲ ಅದೇ.

“ಇದಕ್ಕೊಂದು ಪೆಟ್ಟಿಗೆ ಮಾಡಿಕೊಡಿ, ಪ್ರೊಫೆಸರ್. ಗಟ್ಟಿಯಾದದ್ದು. ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ತೀನಿ. ಗಾಜಿನ ಹಿಂದೆ ಇರಲಿ, ಯಾರೂ ಬಡಿಯೋದು ಬೇಡ.”

“ಹಬ್ಬ ಮುಂದಿನ ವಾರವಲ್ಲವೇ?”

“ಯಾರಿಗೆ ಹಬ್ಬ? ಅಮ್ಮ ಬರ್ತಿಲ್ಲ.” ಆಕೆ ಕುರ್ಚಿಯ ತುದಿಯಲ್ಲಿ ಕುಳಿತರು. “ಕೊಲ್ಮಾದ ಸ್ಮಶಾನದಲ್ಲಿ ಅಮ್ಮನ ಪಕ್ಕದ ಜಾಗ ನಂದು. ನಲವತ್ತು ವರ್ಷದ ಹಿಂದೆ ಅವಳೇ ತೆಗೆದಿಟ್ಟದ್ದು. ಅದನ್ನ ಚಿಕ್ಕಪ್ಪನ ಮಗನ ಹೆಸರಿಗೆ ಬರೆದುಕೊಡ್ತಿದ್ದೀನಿ. ಬುಧವಾರ ಸಹಿ. ನನ್ನ ಮುಖ ನೋಡಲ್ಲ ಅಂದವಳ ಪಕ್ಕದಲ್ಲಿ ಹೋಗಿ ಹೇಗೆ ಮಲಗಲಿ?”

ರಾಯರು ಬಾಯಿ ತೆರೆದರು. ಮಾಡು ಒಮ್ಮೆ ಸದ್ದು ಮಾಡಿತು, ಮತ್ತೊಮ್ಮೆ, ಮತ್ತೊಮ್ಮೆ. ಮಿಸೆಸ್ ಕ್ವಾಂಗ್ ತಲೆಯೆತ್ತಿ, “ಯಾರೋ ಬಂದರು ನೋಡಿ,” ಎಂದರು. ರಾಯರು ಬಾಯಿ ಮುಚ್ಚಿ ಅಳತೆಪಟ್ಟಿ ಎತ್ತಿಕೊಂಡರು. ಆಕೆ ಬಟ್ಟಲನ್ನು ಮೇಜಿನ ಮೇಲೆ ಬಿಟ್ಟು, ಮಂಗಳವಾರ ಮನೆಗೆ ತಲುಪಿಸಬೇಕೆಂದು ಹೇಳಿ ಕೋಲೂರಿಕೊಂಡು ಹೋದರು.

ಮೂರು ದಿನ ಅವರು ಪೆಟ್ಟಿಗೆಯನ್ನು ಮಾಡಿದರು. ಕರ್ಪೂರದ ಮರದ ಹಲಗೆ, ಒಳಗೆ ಬಿಳಿಯ ರೇಷ್ಮೆ. ಇಂಥದ್ದೊಂದು ಪೆಟ್ಟಿಗೆಯನ್ನು ಅವರು ಹಿಂದೆ ಮಾಡಿರಲಿಲ್ಲ. ಮುಚ್ಚಳವನ್ನು ಮುಚ್ಚಿದಾಗಲೆಲ್ಲ ಶವದ ಪೆಟ್ಟಿಗೆಯನ್ನು ಮುಚ್ಚಿದಂತಾಗಿ ಮತ್ತೆ ತೆರೆಯುತ್ತಿದ್ದರು. ಮಂಗಳವಾರ ಬೆಳಗ್ಗೆ ಅಭಿಷೇಕ ಮುಗಿಸಿ ದೇವರ ಮುಂದೆ ಬಹಳ ಹೊತ್ತು ಕುಳಿತರು. ಬೇಡಿಕೊಳ್ಳಲು ಏನೂ ಉಳಿದಿರಲಿಲ್ಲ. ಎದ್ದು, ಮೊಳೆಯಲ್ಲಿದ್ದ ಪವಿತ್ರದುಂಗುರವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

“ನಾನೂ ಬರ್ಲಾ?” ಎಂದರು ಇಂದು.

“ಬೇಡ.”

“ಅರ್ಧ ದಾರೀಲಿ ತಿರುಗಿ ಬಂದ್ರೆ ಊಟ ಹಾಕಲ್ಲ, ಹೇಳಿದ್ದೀನಿ.”

ಓಕ್ಲ್ಯಾಂಡಿನಲ್ಲಿ ಮಿಸೆಸ್ ಕ್ವಾಂಗರ ಮನೆಯ ಮುಂಗೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಪೂರ್ವಜರ ಪೀಠವಿತ್ತು. ಕೆಂಪು ಬಟ್ಟೆ, ಮೂರು ಕಿತ್ತಳೆಹಣ್ಣು, ಊದಿನಕಡ್ಡಿಯ ಬೂದಿ, ಚೌಕಟ್ಟಿನಲ್ಲಿ ಬೂದುಬಣ್ಣದ ಸ್ವೆಟರು ತೊಟ್ಟ ಒಬ್ಬ ಮುದುಕಿ. ಮಗಳು ತೊಟ್ಟಿದ್ದ ಸ್ವೆಟರು ಅದೇ ಎಂದು ರಾಯರಿಗೆ ಆಗ ತಿಳಿಯಿತು. ಪೀಠದ ಅಂಚಿನಲ್ಲಿ ಸ್ಮಶಾನದ ಕಾಗದಗಳು ಪೆನ್ನಿನ ಸಹಿತ ಸಿದ್ಧವಾಗಿದ್ದವು.

“ಚಹಾ?” ಎಂದರು ಮಿಸೆಸ್ ಕ್ವಾಂಗ್.

“ಆಮೇಲೆ. ಮೊದಲು ನಾನೊಂದು ಮಾತು ಹೇಳಬೇಕು. ಹೇಳಿದ ಮೇಲೆ ನೀವು ಚಹಾ ಕೊಡದಿರಬಹುದು.”

ಅವರು ಕುಳಿತುಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಬಟ್ಟಲನ್ನು ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದರು. ಡ್ರ್ಯಾಗನ್ ಎದ್ದು ಬಂತು. ಆಕೆಯ ಬೆರಳನ್ನು ಹಿಡಿದು ಆ ಕೊರಳಿನ ಮೇಲೆ ಇಟ್ಟರು.

“ಇಲ್ಲಿ ಒಂದು ಬಿರುಕಿದೆ. ನಿಮ್ಮ ಬೆರಳಿಗೆ ತಿಳಿಯದು. ತಿಳಿಯಬಾರದೆಂದೇ ನಾನು ಮುಚ್ಚಿದೆ. ಮಾಡಿದವನೂ ನಾನೇ. ನೀವು ಮೊದಲ ಸಲ ಬಂದ ದಿನ, ಈ ಉಂಗುರದಿಂದ.” ಜೇಬಿನಿಂದ ಉಂಗುರವನ್ನು ತೆಗೆದು ಮೇಜಿನ ಮೇಲಿಟ್ಟರು. “ಹಳೆಯ ಪಿಂಗಾಣಿ ತಾನಾಗಿ ಸುಮ್ಮನಾಗುವುದಿಲ್ಲ ಮಿಸೆಸ್ ಕ್ವಾಂಗ್. ಅದು ಸುಳ್ಳು. ನಿಮ್ಮ ತಾಯಿಯ ಸಿಟ್ಟಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.”

ಆಕೆ ಬೆರಳನ್ನು ತೆಗೆಯಲಿಲ್ಲ. ಹೊರಗೆ ಶಾಲೆಯ ಮಕ್ಕಳು ಗದ್ದಲ ಮಾಡುತ್ತ ಹಾದುಹೋದರು.

“ಉಂಗುರ ಯಾಕೆ ಹಾಕಿದ್ದಿರಿ ಅವತ್ತು?”

“ನನ್ನ ತಂದೆಯ ಶ್ರಾದ್ಧವಿತ್ತು. ವರ್ಷಕ್ಕೊಮ್ಮೆ ಅವರನ್ನು ಕರೆದು ಊಟವಿಡುತ್ತೇವೆ.”

“ಬಂದರಾ ಅವರು?”

“ಬರುತ್ತಾರೆಂದು ನಂಬುತ್ತೇವೆ.”

“ನಿಮ್ಮಪ್ಪನ್ನ ಕರೆದ ಕೈಯಲ್ಲಿ ನನ್ನಮ್ಮನ ಕರೆಯನ್ನ ಮುರಿದಿರಿ.” ಸ್ವರ ಏರಲಿಲ್ಲ. “ನಾಲ್ಕು ಹಬ್ಬ, ಪ್ರೊಫೆಸರ್. ನಾಲ್ಕು ಸಲ ಇಲ್ಲಿ ಮೊಣಕಾಲೂರಿ ಕ್ಷಮಿಸು ಕ್ಷಮಿಸು ಅಂದೆ. ಅವಳು ಸಿಟ್ಟಾಗಿರಲಿಲ್ಲ. ಯಾರೂ ಕರೆಯಲಿಲ್ಲ ಅಂತ ಹೊರಗೆ ಕಾಯ್ತಿದ್ದಳು. ಹಸಿದುಕೊಂಡು.”

ರಾಯರು ಕಣ್ಣು ತಗ್ಗಿಸಿದರು. ನಾಲ್ಕು ವರ್ಷ ತಾವು ಬಿಟ್ಟ ಎಳ್ಳುನೀರಿನ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ ಅದೊಂದು ಸಮಜಾಯಿಷಿಯಾಗುವುದೆಂದು ತಡೆದುಕೊಂಡರು. ಆದರೆ ಆಕೆಯ ಮುಖವನ್ನು ನೋಡಿದಾಗ ತಡೆಯಲಾಗಲಿಲ್ಲ.

“ಹಸಿದಿರಲಿಲ್ಲ,” ಎಂದರು. “ನಮ್ಮ ಪದ್ಧತಿಯಲ್ಲಿ, ಅವರ ಹೆಸರು ಹೇಳಿ, ವರ್ಷವರ್ಷವೂ ನೀರು ಕೊಟ್ಟಿದ್ದೇನೆ. ಅಷ್ಟು ಮಾತ್ರ ಮಾಡಿದ್ದೇನೆ.”

ಮಿಸೆಸ್ ಕ್ವಾಂಗ್ ಅವರನ್ನು ದಿಟ್ಟಿಸಿದರು. ಪೊರೆ ಬಂದ ಆ ಕಣ್ಣುಗಳಲ್ಲಿ ಏನಿತ್ತೆಂದು ರಾಯರಿಗೆ ಇಂದಿಗೂ ಗೊತ್ತಿಲ್ಲ.

“ಹೆಸರು ಸರಿಯಾಗಿ ಹೇಳಿದಿರಾ?”

“ಬಹುಶಃ ಇಲ್ಲ.”

ಆಕೆ ಸ್ಮಶಾನದ ಕಾಗದಗಳನ್ನು ಎತ್ತಿ, ನಾಲ್ಕಾಗಿ ಮಡಿಸಿ, ಕಿತ್ತಳೆಹಣ್ಣಿನ ತಟ್ಟೆಯ ಅಡಿಗೆ ತಳ್ಳಿದರು. ಫೋನು ಹಿಡಿದು ಯಾರಿಗೋ ತಮ್ಮ ಭಾಷೆಯಲ್ಲಿ ಚುಟುಕಾಗಿ ಏನೋ ಹೇಳಿದರು. ಆಮೇಲೆ, “ಅವನಿಗೆ ಬೇರೆ ಜಾಗ ಹುಡುಕಿಕೋ ಅಂದೆ,” ಎಂದರು. “ಇನ್ನು ನೀವು ಹೊರಡಿ. ನಿಮ್ಮ ಮುಖ ನೋಡಿಕೊಂಡು ಚಹಾ ಕುಡಿಯೋಕೆ ಇವತ್ತು ನನ್ನಿಂದಾಗಲ್ಲ. ಪೆಟ್ಟಿಗೆ ತೆಗೆದುಕೊಂಡು ಹೋಗಿ, ಬಟ್ಟಲು ಎಲ್ಲಿಗೂ ಹೋಗೋದಿಲ್ಲ.”

ರಾಯರು ಖಾಲಿ ಪೆಟ್ಟಿಗೆಯನ್ನೂ ಉಂಗುರವನ್ನೂ ಎತ್ತಿಕೊಂಡರು. ಹೊಸ್ತಿಲು ದಾಟುತ್ತಿರುವಾಗ ಹಿಂದಿನಿಂದ ಸದ್ದಾಯಿತು. ಹಬ್ಬಕ್ಕೆ ಇನ್ನೂ ದಿನಗಳಿದ್ದವು; ಆಕೆ ಕಾಯಲಿಲ್ಲ. ಠಪ್. ಠಪ್. ಠಪ್. ಹಾಡಿಲ್ಲದ, ಮರದಂಥ, ಬಡವಾದ ಸದ್ದು. ಆಮೇಲೆ ಆಕೆ ತಾಯಿಯೊಡನೆ ಮಾತಾಡತೊಡಗಿದರು. ರಾಯರಿಗೆ ಅರ್ಥವಾಗಲಿಲ್ಲ. ಒಂದು ವಾಕ್ಯ ಹೇಳಿ ಆಕೆ ನಿಲ್ಲಿಸುತ್ತಿದ್ದರು, ಎದುರಿನವರ ಮಾತು ಮುಗಿಯುವಷ್ಟು ಹೊತ್ತು ಕಾಯುತ್ತಿದ್ದರು, ಮತ್ತೆ ಉತ್ತರ ಕೊಡುವವರಂತೆ ಮುಂದುವರಿಸುತ್ತಿದ್ದರು. ಒಮ್ಮೆ ನಕ್ಕರು.

ಹೇವರ್ಡಿಗೆ ಮರಳಿ ಅವರು ಐದು ವರ್ಷದ ಹಿಂದಿನ ಕಪ್ಪು ಪುಸ್ತಕವನ್ನು ಹುಡುಕಿ ತೆಗೆದರು. ತಂದೆಯ ಸೀಮೆಸುಣ್ಣದ ಡಬ್ಬಿ ಮೇಜಿನ ಒಳಖಾನೆಯಲ್ಲಿತ್ತು. ನೀಲಿಯ ತುಂಡೊಂದು, ಹೆಬ್ಬೆರಳಿನ ಉಗುರಿನಷ್ಟು, ಇನ್ನೂ ಉಳಿದಿತ್ತು. ‘ಉಲಿಯಿತು’ ಎಂಬ ಮಾತಿನ ಮೇಲೆ ಎರಡು ಅಡ್ಡಗೆರೆಗಳನ್ನೆಳೆದು, ಕೆಳಗೆ ಆದದ್ದನ್ನು ಆದಂತೆ ಬರೆದು, ತಮ್ಮ ಪೂರ್ಣ ಹೆಸರನ್ನೂ ತಂದೆಯ ಹೆಸರನ್ನೂ ಹಾಕಿದರು.

ಮೂರರ ಸುಮಾರಿಗೆ ಗಾಳಿ ತಿರುಗಿತು. ತಗಡಿನ ಮಾಡು ಒಮ್ಮೆ ಸದ್ದು ಮಾಡಿತು, ಮತ್ತೊಮ್ಮೆ, ಮತ್ತೊಮ್ಮೆ. ರಾಯರು ಎದ್ದು ಹೋಗಿ ಬಾಗಿಲನ್ನು ಪೂರ್ತಿಯಾಗಿ ತೆರೆದರು. ಆಚೆ ಟೈರುಗಳ ರಾಶಿ, ಬಿಸಿಲು, ದೂರದ ಫ್ರೀವೇಯ ಮೊರೆತ. ಯಾರೂ ಇರಲಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ ಮಾತ್ರ ಅವರ ಪಕ್ಕದಿಂದ ಹಾದು ಹೊರಕ್ಕೆ, ಉತ್ತರಕ್ಕೆ, ಓಕ್ಲ್ಯಾಂಡಿನ ದಿಕ್ಕಿಗೆ ಸರಿದುಹೋದಂತಿತ್ತು.

ಅವರು ಬಾಗಿಲನ್ನು ಮುಚ್ಚಲಿಲ್ಲ. ತೆರೆದೇ ಇಟ್ಟು, ಮೇಜಿನ ಮುಂದೆ ಬಂದು ಕುಳಿತು, ಅಂದು ಬಂದಿದ್ದ ಯಾರದೋ ಟೀ ಕುಡಿಕೆಯನ್ನು ಮೂರು ಬೆರಳ ಮೇಲೆ ನಿಲ್ಲಿಸಿದರು. ತಟ್ಟುವ ಮೊದಲು ಬಲಗೈಯನ್ನು ಬೆಳಕಿಗೆ ಹಿಡಿದು, ಬೆರಳುಗಳೆಲ್ಲ ಬರಿದಾಗಿವೆಯೇ ಎಂದು ಒಂದೊಂದಾಗಿ ನೋಡಿಕೊಂಡರು.